ಗೋಡೆಗೂ ಒಂದಕ್ಕೆ

ಗೋಡೆಗೆ ಹೆದರುವ ಮನುಷ್ಯನನ್ನು ನೀವು ನೋಡಿರಲಿಕ್ಕಿಲ್ಲ. ನೋಡಬೇಕಿದ್ದರೆ ಕೊಟ್ಟಾರದ ನಮ್ಮ ಮನೆಗೆ ಬನ್ನಿ. ಈಗ ಯಾವ ಗೋಡೆಯ ಪಕ್ಕ ಕುಳಿತರೂ ಮೊದಲು ಅದರ ಹೊಟ್ಟೆ ಉಬ್ಬಿದೆಯೇ ನೋಡುತ್ತೇನೆ, ಆಮೇಲೆ ಓಡುವ ದಾರಿ ನೋಡುತ್ತೇನೆ. ಮೊನ್ನೆ ಬ್ಯಾಂಕಿನಲ್ಲಿ ಹಾಗೆ ನೋಡುತ್ತಿದ್ದಾಗ ಕಾವಲಿನವನು ನನ್ನ ಮೇಲೇ ಕಣ್ಣಿಟ್ಟ.

ನಮ್ಮ ಹಿತ್ತಲೆಂದರೆ ಗುಡ್ಡ ಕಡಿದು ಮಾಡಿದ ಹತ್ತು ಹೆಜ್ಜೆ ಜಾಗ. ಅಲ್ಲಿ ನೆಲಕ್ಕೆ ಇಂಟರ್‌ಲಾಕ್ ಇಟ್ಟಿಗೆ ಹಾಸಿ, ಕಲ್ಲಿನ ಬೆಂಚು ಇಟ್ಟು, ಅದರ ಬೆನ್ನಿಗೆ ಗುಡ್ಡದ ಮಣ್ಣು ತಡೆಯಲು ಆಳೆತ್ತರದ ಕೆಂಪುಕಲ್ಲಿನ ಗೋಡೆ ಕಟ್ಟಿಸಿದೆ. ಸಂಜೆ ಹೆಂಡತಿ ಸುಮತಿಯ ಜೊತೆ ಅಲ್ಲಿ ಚಹಾ ಕುಡಿಯಬೇಕೆಂಬುದು ನನ್ನ ಆಸೆ. ಆದರೆ ಮೇಸ್ತ್ರಿ ಹಮೀದ್ ಕಾಕ ಗೋಡೆಯ ತುಂಬ ಪೈಪಿನ ತುಂಡು ಇಟ್ಟು ತೂತು ಬಿಟ್ಟಿದ್ದರು.

"ಇದೆಂತ ಕಾಕ, ಚಂದದ ಗೋಡೆಗೆ ಸಿಡುಬು ಬಂದ ಹಾಗೆ?" ಎಂದೆ.

"ಹಿಂದೆ ನೀರು ತುಂಬ್ತದೆ ಸಾರ್. ಗೋಡೆಗೂ ಒಂದಕ್ಕೆ ಬರ್ತದೆ. ಬಿಡದಿದ್ರೆ ಅದು ಎಲ್ಲಿಗೆ ಹೋಗುವುದು?"

ನಾನು ಎಂ.ಕಾಂ. ಮಾಡಿದವನು, ಬೆರಳೆತ್ತಿ ಒಂದಕ್ಕೆ ಕೇಳುವ ಗೋಡೆಯ ಶಾಸ್ತ್ರ ನನಗೆ ನಗು ತರಿಸಿತು. ಮೊದಲ ಮಳೆಗೇ ಆ ತೂತುಗಳಿಂದ ಕೆಂಪು ನೀರಿಳಿದು ಹೊಸ ಇಂಟರ್‌ಲಾಕಿನ ಮೇಲೆ ಕಲೆಯಾಯಿತು. ಸುಮತಿ ತವರಿಗೆ ಹೋದ ಭಾನುವಾರ, ಉಳಿದ ಸಿಮೆಂಟು ಕಲಸಿ ಹದಿನಾಲ್ಕು ತೂತುಗಳ ಬಾಯಿಯನ್ನೂ ಮುಚ್ಚಿದೆ. ಮೇಲೆ ಬಣ್ಣವನ್ನೂ ಬಳಿದೆ.

ಆಮೇಲೆ ಮೂರು ದಿನ ಬಿಡದೆ ಸುರಿದ ಮಳೆ ನಾಲ್ಕನೆಯ ಸಂಜೆ ನಿಂತಿತು. ಸುಮತಿ ಬೆಂಚಿನ ಮೇಲೆ ಗೋಣಿ ಹಾಸಿ ಗೋಳಿಬಜೆಯ ತಟ್ಟೆ ಹಿಡಿದು ಕುಳಿತಳು. ನಾನು ಚಹಾದ ಲೋಟದೊಂದಿಗೆ ಹಿಂಬಾಗಿಲಲ್ಲಿ ನಿಂತಿದ್ದೆ.

"ಚಟ್ನಿ ತನ್ನಿ ಮಾರಾಯ್ರೆ, ಅಡಿಗೆಮನೆಯಲ್ಲೇ ಉಂಟು."

ಕೇಳಿಸದವನಂತೆ ಆಕಾಶ ನೋಡಿದೆ. ಇದು ನನ್ನ ಹಳೆಯ ವಿದ್ಯೆ. "ನಿಮಗೆ ಹೇಳುವುದೂ ಒಂದೇ, ಬಿಡುವುದೂ ಒಂದೇ" ಎಂದು ಗೊಣಗುತ್ತ ಅವಳೇ ಎದ್ದು ಬಂದಳು. ಹೊಸ್ತಿಲಿಗೆ ಕಾಲಿಟ್ಟಿದ್ದಳಷ್ಟೆ, ಅವಳ ಹಿಂದೆ ಗೋಡೆಯ ಹೊಟ್ಟೆ ಮುಂದಕ್ಕೆ ಉಬ್ಬಿತು. ಒಂದು ಕ್ಷಣ ಶಬ್ದವೇ ಇರಲಿಲ್ಲ; ಈಗಲೂ ನನ್ನನ್ನು ಹೆದರಿಸುವುದು ಅದೇ. ಆಮೇಲೆ ಕಲ್ಲು, ಕೆಸರು, ನೀರು ಒಟ್ಟಿಗೆ ಕುಸಿದವು. ಬೆಂಚು ಕಾಣಲಿಲ್ಲ. ಗೋಣಿಯ ಒಂದು ಮೂಲೆ ಮಾತ್ರ ಹೊರಗಿತ್ತು. ನಾನು ಒಳ್ಳೆಯ ಗಂಡನಂತೆ ಚಟ್ನಿ ತರಲು ಹೋಗಿದ್ದರೆ ಅವಳು ಅಲ್ಲೇ ಕುಳಿತಿರುತ್ತಿದ್ದಳು. ಕಣ್ಣು ಮುಚ್ಚಿದರೆ ಸಾಕು, ಗೋಣಿಯ ಆ ಮೂಲೆ ಎದುರಿಗೆ ಬರುತ್ತದೆ.

ಮರುದಿನ ಹಮೀದ್ ಕಾಕ ಕೆಸರಿನಿಂದ ಒಂದು ಪೈಪಿನ ತುಂಡು ಎತ್ತಿ, ಅದರ ಬಾಯಿ ನೋಡಿ, ನನ್ನ ಮುಖ ನೋಡಿದರು.

"ಇದಕ್ಕೆ ಬೂಚು ಹಾಕಿದ್ದು ಯಾರು ಸಾರ್?"

ಸುಮತಿಯೂ ತಿರುಗಿದಳು. ನಾನು ಆಕಾಶ ನೋಡಿದೆ. ಈ ಸಲ ವಿದ್ಯೆ ಫಲಿಸಲಿಲ್ಲ.

"ನಾನು ದಿನಾ ಕೂತುಕೊಳ್ಳುವುದು ಅಲ್ಲೇ ಅಲ್ವಾ?" ಎಂದಳು, ಮೆಲ್ಲಗೆ. ಬೈದಿದ್ದರೆ ಎಷ್ಟೋ ಒಳ್ಳೆಯದಿತ್ತು.

ಈಗ ಹೊಸ ಗೋಡೆಗೆ ಇಪ್ಪತ್ತೆಂಟು ತೂತು. ಮಳೆ ಬಂದಾಗ ಕೊಡೆ ಹಿಡಿದು ಒಂದೊಂದರಲ್ಲೂ ನೀರು ಬರುತ್ತಿದೆಯೇ ಎಂದು ಬಗ್ಗಿ ನೋಡುವುದು ನನ್ನ ಪಾಲಿನ ಕೆಲಸ. ಒಳಗಿನಿಂದ ಸುಮತಿ ಕೂಗುತ್ತಾಳೆ: "ಬಂತಾ ಅದಕ್ಕೆ?" ಬಂತು ಎನ್ನುತ್ತೇನೆ. ನಿಜ ಹೇಳಬೇಕೆಂದರೆ, ಮೊದಲ ಗುಡುಗಿಗೇ ಗೋಡೆಗಿಂತ ಮೊದಲು ನನಗೆ ಬರುತ್ತದೆ.