ಶೃಂಗಸಭೆಗೆ ಹೊರಟ ಗೇರುಬೀಜ

ದೇಶ ದೇಶಗಳ ನಡುವಿನ ವ್ಯಾಪಾರದ ಮಾತುಕತೆ ಎಂದರೆ ಉದ್ದನೆಯ ಮೇಜು, ನೀರಿನ ಬಾಟಲಿ, ಗಂಭೀರ ಮುಖಗಳು ಎಂದು ಪತ್ರಿಕೆ ಓದುವವರು ತಿಳಿದುಕೊಂಡಿರುತ್ತಾರೆ. ನಾನೂ ಹಾಗೇ ತಿಳಿದಿದ್ದೆ. ಅಂಥದ್ದೊಂದು ಮಾತುಕತೆ ನಮ್ಮೂರಿಗೇ ಬಂದ ಮೇಲೆ ಗೊತ್ತಾಯಿತು, ನಾಲ್ಕು ಜನ ಸೇರಿದಲ್ಲೆಲ್ಲ ಏನಾದರೊಂದು ಎಡವಟ್ಟು ಆಗಿಯೇ ಆಗುತ್ತದೆ. ಅದನ್ನು ತಡೆಯುವುದು ವಿದೇಶಾಂಗ ಇಲಾಖೆಯಿಂದಲೂ ಸಾಧ್ಯವಿಲ್ಲ.

ಉಡುಪಿ ಹೊಸ ಜಿಲ್ಲೆಯಾಗಿ ಕೆಲವೇ ವರ್ಷ ಕಳೆದಿತ್ತು. ನಾನು ಅಂಬಲಪಾಡಿಯ ಒಂದು ವ್ಯಾಪಾರಿಗಳ ಸಂಘದಲ್ಲಿ ಸಂಬಳಕ್ಕಿದ್ದ ಕಾರ್ಯದರ್ಶಿ. ಪತ್ರ ಬರೆಯುವುದು, ನಡಾವಳಿ ಬರೆಯುವುದು, ಸಭೆಗೆ ಕುರ್ಚಿ ಹಾಕಿಸುವುದು ನನ್ನ ಕೆಲಸ. ಸಂಘದ ಅಧ್ಯಕ್ಷರು ಕಾರ್ಕಳದ ಗೇರುಬೀಜ ಫ್ಯಾಕ್ಟರಿಯ ಮಾಲೀಕರು. ಅದೇ ಫ್ಯಾಕ್ಟರಿಯಲ್ಲಿ ನನ್ನ ಅಕ್ಕ ಬೀಜ ಸುಲಿಯುತ್ತಿದ್ದಳು. ಕೃಷ್ಣಾಷ್ಟಮಿ ಕಳೆಯುವ ಹೊತ್ತಿಗೆ ಫ್ಯಾಕ್ಟರಿಯ ಹಸಿಬೀಜ ಮುಗಿಯುತ್ತಿತ್ತು. ಅಲ್ಲಿಂದ ದೀಪಾವಳಿಯವರೆಗೆ ಬೀಗ. ಅಷ್ಟು ದಿನ ಅಕ್ಕನೂ ಅವಳ ಜೊತೆಯ ಹೆಂಗಸರೂ ಮನೆಯಲ್ಲಿ ಬೀಡಿ ಕಟ್ಟಿ ದಿನ ನೂಕುತ್ತಿದ್ದರು.

ಆ ವರ್ಷ ಸಮುದ್ರದ ಸುತ್ತಲಿನ ದೇಶಗಳ ಆರ್ಥಿಕ ಶೃಂಗಸಭೆಯೊಂದು ದೆಹಲಿಯಲ್ಲಿ ನಡೆಯುವುದಿತ್ತು. ಅದಕ್ಕೆ ಮುಂಚೆ ಆಫ್ರಿಕದ ಕರಾವಳಿಯ ಒಂದು ದೇಶದ ವ್ಯಾಪಾರ ನಿಯೋಗ ಗೇರುಬೀಜದ ಮಾತುಕತೆಗೆಂದು ನಮ್ಮಲ್ಲಿಗೆ ಬರುತ್ತದೆ ಎಂದು ಕಾಗದ ಬಂತು. ಪ್ರತಿ ವರ್ಷ ಅಷ್ಟಮಿಯ ಹೊತ್ತಿಗೆ ಅವರು ಒಂದು ಹಡಗು ಹಸಿಬೀಜ ಕಳಿಸಲು ತಯಾರಿದ್ದರು. ಒಪ್ಪಂದದ ಕರಡಿಗೆ ಇಲ್ಲಿ ಸಹಿಯಾದರೆ ಅದು ಶೃಂಗಸಭೆಯ ಪಟ್ಟಿಗೆ ಸೇರುತ್ತದೆ. ಆಗದಿದ್ದರೆ ಅಕ್ಕನಿಗೆ ಬೀಡಿಯೇ ಗತಿ.

೧. ಕೊನೆಯ ವಿಷಯ

ನಿಯೋಗವನ್ನು ಬರಮಾಡಿಕೊಳ್ಳುವ ಬಗ್ಗೆ ಪೂರ್ವಭಾವಿ ಸಭೆ ಕರೆದೆವು. ಮೂರು ಗಂಟೆ ಹೊತ್ತು ಚರ್ಚೆಯಾಯಿತು. ಅದರಲ್ಲಿ ಎರಡೂವರೆ ಗಂಟೆ ಕಾಪುವಿನಲ್ಲಿ ಕೊಡುವ ಊಟದ್ದು. ಮೀನು ಕಾಣೆಯೋ ಅಂಜಲೋ ಎಂಬಲ್ಲಿಗೆ ಬಂದಾಗ ಇಬ್ಬರು ಸದಸ್ಯರು ಒಬ್ಬರಿಗೊಬ್ಬರು ಮಾತು ಬಿಟ್ಟರು. ದೆಹಲಿಯ ಕಾಗದದಲ್ಲಿ ಅತಿಥಿಗಳಿಗೆ ಹಗುರವಾದ ಆಹಾರ ಸಾಕು ಎಂದಿತ್ತು. ನಾನು ಅದನ್ನು ಓದಿ ಹೇಳಿದೆ.

"ಹಗುರ ಅಂದ್ರೆ ಎಂತ ಮಾರಾಯ? ಅನ್ನ ಕಡಿಮೆ ಹಾಕುವ, ಮೀನು ಜಾಸ್ತಿ ಹಾಕುವ" ಎಂದು ಅಧ್ಯಕ್ಷರು ತೀರ್ಪು ಕೊಟ್ಟರು.

ಸಭೆಯಲ್ಲಿ ಆದ ತೀರ್ಮಾನಗಳನ್ನು ಒಂದಾದ ಮೇಲೊಂದು ಬರೆದು ಕಾರ್ಯಕ್ರಮ ಪಟ್ಟಿ ಮಾಡಿ ದೆಹಲಿಗೆ ಫ್ಯಾಕ್ಸ್ ಮಾಡಿದೆ. ಮರುದಿನವೇ ಅಲ್ಲಿಯ ಅಧಿಕಾರಿಯ ಫೋನು ಬಂತು. "ಸ್ವಾಗತ ಉಂಟು, ಊಟ ಉಂಟು, ಕಡಲತೀರ ಉಂಟು, ಯಕ್ಷಗಾನ ಉಂಟು. ವ್ಯಾಪಾರದ ಮಾತುಕತೆ ಎಲ್ಲಿದೆ?" ಎಂಬ ಅರ್ಥದ ಪ್ರಶ್ನೆಯನ್ನು ಅವರು ಬಹಳ ತಾಳ್ಮೆಯಿಂದ ಇಂಗ್ಲಿಷಿನಲ್ಲಿ ಕೇಳಿದರು.

ಪಟ್ಟಿಯನ್ನು ನೋಡಿದೆ. ಇಪ್ಪತ್ತು ವರ್ಷದ ಅಭ್ಯಾಸಬಲ. ನಮ್ಮಲ್ಲಿ ಯಾವ ಸಭೆಯದಾದರೂ ಕೊನೆಯ ಸಾಲು ಒಂದೇ.

"ಉಂಟು ಸರ್, ಕೊನೆಯಲ್ಲಿ ಉಂಟು" ಎಂದೆ. "ಅಧ್ಯಕ್ಷರ ಅನುಮತಿ ಮೇರೆಗೆ ಇತರ ವಿಷಯಗಳು."

೨. ಕಾಪುವಿನ ಪ್ರಸಾದ

ಅತಿಥಿಗಳ ಕಾರಿನ ಮುಂದೆ ಅವರ ದೇಶದ ಧ್ವಜ ಇರಬೇಕು ಎಂದು ಆ ಅಧಿಕಾರಿಯೇ ಸೂಚನೆ ಕೊಟ್ಟಿದ್ದರು. ಧ್ವಜವನ್ನು ಮಾತ್ರ ಕಳಿಸಿರಲಿಲ್ಲ. ಉಡುಪಿಯಲ್ಲಿ ಯಕ್ಷಗಾನದ ವೇಷಭೂಷಣ ಹೊಲಿಯುವ ಟೈಲರ್ ಒಬ್ಬರಿದ್ದರು. ಎಂಥ ಬಣ್ಣದ ಬಟ್ಟೆಯಾದರೂ ಅವರಲ್ಲಿ ಸಿಗುತ್ತಿತ್ತು. ಒಂದು ಪುಸ್ತಕದಲ್ಲಿದ್ದ ಚಿತ್ರ ತೋರಿಸಿ ಅವರಿಗೇ ಒಪ್ಪಿಸಿದೆ.

ನಿಯೋಗ ಬರುವ ದಿನ ಬೆಳಿಗ್ಗೆ ಧ್ವಜ ಕೈಗೆ ಬಂತು. ಬಣ್ಣಗಳೆಲ್ಲ ಸರಿಯಾಗಿದ್ದವು. ಆದರೆ ಸುತ್ತಲೂ ಎರಡು ಬೆರಳು ಅಗಲದ ಜರಿ ಅಂಚು, ಕೆಳಗೆ ಚಿನ್ನದ ಬಣ್ಣದ ಗೊಂಡೆಗಳು.

"ಇದೆಂತ ಮಾರಾಯ್ರೆ?" ಎಂದೆ.

"ಅಂಚು ಕೊಡದಿದ್ರೆ ನೂಲು ಬಿಡ್ತದೆ" ಎಂದರು ಟೈಲರ್. "ಗೊಂಡೆಗೆ ನಾನು ಬೇರೆ ಚಾರ್ಜು ಹಾಕಲಿಲ್ಲ. ನಮ್ಮ ಊರಿಗೆ ಬರುವವರಲ್ವಾ."

ಬಿಚ್ಚಿಸುವುದಕ್ಕೆ ಹೊತ್ತಿರಲಿಲ್ಲ. ಹಾಗೇ ಕಾರಿಗೆ ಕಟ್ಟಿಸಿದೆ. ಬಜಪೆ ವಿಮಾನ ನಿಲ್ದಾಣದಲ್ಲಿ ನಿಯೋಗದ ಜೊತೆಗೇ ಇಳಿದು ಅದನ್ನು ನೋಡಿದ ದೆಹಲಿಯ ಅಧಿಕಾರಿಯ ಮುಖದಲ್ಲಿ ರಕ್ತ ಇರಲಿಲ್ಲ. ನಿಯೋಗದ ನಾಯಕಿ ಐವತ್ತು ದಾಟಿದ, ಮಾತು ಕಡಿಮೆಯ ಹೆಂಗಸು. ಧ್ವಜದ ಮುಂದೆ ನಿಂತು ಗೊಂಡೆಯನ್ನು ಬೆರಳಿನಿಂದ ಮುಟ್ಟಿ, "ನಮ್ಮ ಅರಮನೆಯ ಮೇಲೂ ಇಷ್ಟು ಚೆಂದದ್ದು ಇಲ್ಲ" ಎಂದರು. ಮೆಚ್ಚಿದರೋ ಚುಚ್ಚಿದರೋ ನನಗೆ ತಿಳಿಯಲಿಲ್ಲ.

ಕಾಪು ಪೇಟೆಯಲ್ಲಿ ಕಾರು ನಿಧಾನವಾಯಿತು. ರಸ್ತೆಯ ಬದಿಯಲ್ಲಿದ್ದ ಒಬ್ಬ ಮುದುಕಿ ಜರಿ ಧ್ವಜ ಕಂಡದ್ದೇ ಚಪ್ಪಲಿ ಬಿಟ್ಟು ಅಡ್ಡ ಬಂದು ಕೈಮುಗಿದಳು. ಕಾರು ನಿಂತಿತು. ಆಕೆ ಕಿಟಕಿಯೊಳಗೆ ಬೊಗಸೆ ಒಡ್ಡಿದಳು. ನಾನು ಹಿಂದಿನ ಕಾರಿನಿಂದ ಓಡಿ ಬಂದೆ.

"ಏನು ಕೇಳುತ್ತಿದ್ದಾರೆ?" ಎಂದರು ನಾಯಕಿ.

"ಪ್ರಸಾದ. ನೀವು ದೇವಸ್ಥಾನದ ಕಡೆಯವರು ಎಂದು ತಿಳಿದಿದ್ದಾರೆ."

ನಾಯಕಿ ಒಂದು ಕ್ಷಣ ಯೋಚಿಸಿ ದೆಹಲಿಯ ಅಧಿಕಾರಿಯ ಕಡೆ ಕೈ ಚಾಚಿದರು. ಅವರ ಜೇಬಿನಲ್ಲಿ ವಿಮಾನದಲ್ಲಿ ಕೊಟ್ಟ ಪೆಪ್ಪರ್‌ಮಿಂಟ್ ಇತ್ತು. ಮುದುಕಿ ಅದನ್ನು ಎರಡೂ ಕಣ್ಣಿಗೆ ಒತ್ತಿಕೊಂಡು ಬಾಯಿಗೆ ಹಾಕಿಕೊಂಡಳು. ಎರಡು ದೇಶಗಳ ನಡುವೆ ಆ ದಿನ ಆದ ಮೊದಲ ವಿನಿಮಯ ಅದು, ಸುಂಕವಿಲ್ಲದೆ.

೩. ಖಾಲಿ ಎಲೆ

ಎರಡನೆಯ ದಿನ ಕಾರ್ಕಳದಲ್ಲಿ ಅಧ್ಯಕ್ಷರ ಮನೆಯಲ್ಲಿ ಊಟ. ಬಡಿಸುವ ಉಸ್ತುವಾರಿ ಅವರ ತಾಯಿಯದು. ಎಂಬತ್ತರ ಆ ಅಜ್ಜಿ ಖಾಲಿ ಎಲೆಯನ್ನು ಕಂಡರೆ ಸಹಿಸುವವರಲ್ಲ. ನಾಯಕಿಯೋ, ಬಡಿಸಿದ್ದನ್ನು ಬಿಡುವುದು ಮರ್ಯಾದೆಯಲ್ಲ ಎಂಬ ಮನೆಯಲ್ಲಿ ಬೆಳೆದವರು. ಅವರು ಮುಗಿಸಿದರು, ಇವರು ಬಡಿಸಿದರು. ಇವರು ಬಡಿಸಿದರು, ಅವರು ಮುಗಿಸಿದರು. ಪಾಯಸ ನಾಲ್ಕನೆಯ ಸಲ ಬಂದಾಗ ನಾಯಕಿಯ ಹಣೆಯಲ್ಲಿ ಬೆವರು ಕಂಡಿತು.

ನಾನು ಬಗ್ಗಿ, ಎಲೆಯನ್ನು ನಿಮ್ಮ ಕಡೆಗೆ ಮಡಚಿಬಿಡಿ ಎಂದು ಪಿಸುಗುಟ್ಟಿದೆ. ಮಡಚಿದರು. ಅಜ್ಜಿಯ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು.

"ನಮ್ಮ ಸೊಸೆಯಂದಿರಿಗಿಂತ ಇವಳೇ ಸೈ" ಎಂದು ಅಜ್ಜಿ ಎಲ್ಲರಿಗೂ ಕೇಳುವಂತೆ ಹೇಳಿದರು. ನಾನು ಭಾಷಾಂತರಿಸಿದೆ.

ನಾಯಕಿ ಬಹಳ ಹೊತ್ತಿನ ಮೇಲೆ ಉಸಿರು ಬಿಟ್ಟು, "ನಾಳೆ ಮಾತುಕತೆಗೆ ನಿಮ್ಮ ಕಡೆಯಿಂದ ಈ ಅಮ್ಮ ಬರುವುದಿಲ್ಲ ತಾನೇ?" ಎಂದು ಕೇಳಿದರು.

೪. ಅಕ್ಕನ ಹೇಳಿಕೆ

ಊಟವಾದ ಮೇಲೆ ಫ್ಯಾಕ್ಟರಿ. ನಮ್ಮ ಅಧ್ಯಕ್ಷರು ಚೌಕಾಶಿಯಲ್ಲಿ ಪಳಗಿದವರು. ನಮಗೆ ಬೀಜದ ಅಗತ್ಯ ಎಷ್ಟಿದೆ ಎಂಬುದನ್ನು ಯಾವ ಕಾರಣಕ್ಕೂ ಬಿಟ್ಟುಕೊಡಬಾರದು ಎಂದು ಬೆಳಿಗ್ಗೆಯೇ ನನಗೆ ತಾಕೀತು ಮಾಡಿದ್ದರು. ಒಳಗೆ ಕಾಲಿಟ್ಟದ್ದೇ ಎದೆಯುಬ್ಬಿಸಿ ಶುರುಮಾಡಿದರು.

"ನಮ್ಮ ಫ್ಯಾಕ್ಟರಿಗೆ ವರ್ಷದ ಹನ್ನೆರಡು ತಿಂಗಳೂ ಬೀಜ ಉಂಟು. ಒಂದು ದಿನವೂ ಕೆಲಸ ನಿಲ್ಲುವುದಿಲ್ಲ. ನಿಮ್ಮ ಮೇಲಿನ ಪ್ರೀತಿಯಿಂದ ತೆಗೆದುಕೊಳ್ಳುವುದು ಅಷ್ಟೆ."

ನಾನು ಅದನ್ನು ಇಂಗ್ಲಿಷಿಗೆ ತಿರುಗಿಸುತ್ತಿದ್ದಂತೆ ನಾಯಕಿ ಸಿಪ್ಪೆ ತೆಗೆಯುವ ಹೆಂಗಸರ ಸಾಲಿಗೆ ನಡೆದು, ಕೆಳಗೆ ಕುಳಿತು, ಒಂದು ಚೂರಿ ತೆಗೆದುಕೊಂಡು ಸರಸರ ಸಿಪ್ಪೆ ಬಿಡಿಸತೊಡಗಿದರು. ಒಂದು ಬೀಜವೂ ತುಂಡಾಗಲಿಲ್ಲ. ಅವರ ತಾಯಿ ಇದೇ ಕೆಲಸ ಮಾಡಿ ಅವರನ್ನು ಓದಿಸಿದ್ದಂತೆ. ಕುಳಿತದ್ದು ಸರಿಯಾಗಿ ನನ್ನ ಅಕ್ಕನ ಪಕ್ಕದಲ್ಲಿ.

ಅಕ್ಕ ಅವರ ಕೈಯನ್ನೇ ನೋಡಿದಳು. "ಯಾವ ಫ್ಯಾಕ್ಟರಿಯವರು ಇವರು? ಕೈ ಚುರುಕು ಉಂಟು" ಎಂದಳು. ನಾನು ಅದನ್ನು ಅವರಿಗೆ ಇಂಗ್ಲಿಷಿನಲ್ಲಿ ಹೇಳಿದೆ. ನಾಯಕಿ ನಕ್ಕು, ವರ್ಷವಿಡೀ ಹೀಗೆ ಕುಳಿತರೆ ಬೆನ್ನು ನೋಯುವುದಿಲ್ಲವೇ ಎಂದು ನನ್ನ ಮೂಲಕ ಕೇಳಿಸಿದರು.

"ವರ್ಷವಿಡೀ ಎಲ್ಲಿ? ಅಷ್ಟಮಿ ಕಳೆದರೆ ಬೀಗ ಹಾಕ್ತಾರಲ್ಲ. ದೀಪಾವಳಿವರೆಗೆ ಒಂದು ಬೀಜ ಇರುವುದಿಲ್ಲ. ನಾವು ಬೀಡಿ ಕಟ್ಟುವುದು."

ಅಧ್ಯಕ್ಷರು ಕೆಮ್ಮಿದರು. ನಾನು ಅವರ ಮುಖ ನೋಡಿದೆ. ಅಕ್ಕ ನನ್ನ ಮುಖ ನೋಡಿದಳು. ಅವಳ ಸಂಬಳದಿಂದಲೇ ನಾನು ಓದಿದ್ದು, ಆ ಇಂಗ್ಲಿಷೂ ಅವಳ ದುಡ್ಡಿನದೇ.

"ಎಂತ ನೋಡ್ತಿ? ಹೇಳು ಅವರಿಗೆ" ಎಂದಳು.

ಹೇಳಿದೆ. ನಾಯಕಿ ಅಧ್ಯಕ್ಷರ ಕಡೆ ತಿರುಗಿ, ಬಹಳ ಮರ್ಯಾದೆಯಿಂದ, "ನಮ್ಮ ಮೇಲೆ ನಿಮ್ಮ ಪ್ರೀತಿ ಸರಿಯಾಗಿ ಅಷ್ಟಮಿಗೆ ಶುರುವಾಗುತ್ತದೆ ಎಂದಾಯಿತು" ಎಂದರು.

೫. ಮಣಿಪಾಲದಲ್ಲಿ ಎರಡು ಮಾತು

ಮೂರನೆಯ ದಿನ ಮಣಿಪಾಲದ ಒಂದು ಸಭಾಂಗಣದಲ್ಲಿ ಕೊನೆಗೂ ಇತರ ವಿಷಯಗಳು ಬಂದವು. ಬೆಳಿಗ್ಗೆ ಹತ್ತಕ್ಕೆ ಶುರು. ಒಂದು ಗಂಟೆಗೆ ನಿಯೋಗದ ಕಾರು ಬಜಪೆಗೆ ಹೊರಡಬೇಕು. ಅಷ್ಟರೊಳಗೆ ಸಹಿ ಆಗದಿದ್ದರೆ ಶೃಂಗಸಭೆಯ ಕಡತದಿಂದ ಈ ಹಾಳೆಯನ್ನು ತೆಗೆದುಬಿಡುತ್ತೇನೆ ಎಂದು ದೆಹಲಿಯ ಅಧಿಕಾರಿ ಮೊದಲೇ ತಿಳಿಸಿದ್ದರು.

ಉಳಿದಿದ್ದದ್ದು ಒಂದೇ ಪ್ರಶ್ನೆ. ಬೀಜವನ್ನು ಅಷ್ಟಮಿಯವರೆಗೆ ಕೆಡದಂತೆ ಇಡಲು ಅವರು ತಮ್ಮ ಬಂದರಿನಲ್ಲಿ ಹೊಸ ಗೋದಾಮು ಕಟ್ಟಬೇಕು. ಹಾಗಾಗಿ ನಾವು ಮೂರು ವರ್ಷ ಕೊಳ್ಳುತ್ತೇವೆ ಎಂದು ಬರೆದುಕೊಡಬೇಕು ಎಂಬುದು ಅವರ ಮಾತು. "ಒಂದು ವರ್ಷ ಆಗಲಿ. ಮತ್ತೆ ನೋಡುವ" ಎಂಬುದು ಅಧ್ಯಕ್ಷರ ಮಾತು. ಒಂದು ವರ್ಷಕ್ಕಾಗಿ ಯಾರು ಗೋದಾಮು ಕಟ್ಟುತ್ತಾರೆ? ಅಧ್ಯಕ್ಷರಿಗೂ ಅದು ತಿಳಿದಿತ್ತು. ಆದರೆ ಮೊದಲ ಸಲಕ್ಕೇ ಒಪ್ಪಿಕೊಂಡರೆ ಚೌಕಾಶಿಗೆ ಬೆಲೆ ಏನು ಬಂತು?

ಅದರ ಮೇಲೆ ನಮ್ಮ ಸದಸ್ಯರು. ಮೈಕು ಇಟ್ಟ ಮೇಲೆ ಮಾತಾಡದೆ ಮನೆಗೆ ಹೋಗುವವರು ನಮ್ಮ ಕರಾವಳಿಯಲ್ಲಿ ಇಲ್ಲ. ಒಬ್ಬೊಬ್ಬರೂ ಎದ್ದು "ಎರಡೇ ಮಾತು" ಎಂದು ಇಪ್ಪತ್ತು ನಿಮಿಷ ಹೇಳಿದರು. ಒಬ್ಬರು ಗೇರುಮರದ ಚರಿತ್ರೆ ಹೇಳಿದರು. ಇನ್ನೊಬ್ಬರು ಮಲ್ಪೆಯ ಮಂಜುಗಡ್ಡೆಯ ಸಮಸ್ಯೆ ತೆಗೆದರು. ಹನ್ನೆರಡೂವರೆಯಾಯಿತು. ಇನ್ನೂ ನಾಲ್ಕು ಜನ ಮಾತಾಡಲು ಚೀಟಿ ಕೊಟ್ಟಿದ್ದರು. ದೆಹಲಿಯ ಅಧಿಕಾರಿ ಕಡತದಿಂದ ಆ ಹಾಳೆಯನ್ನು ಮೆಲ್ಲಗೆ ಹೊರಗೆ ಎಳೆಯುವುದು ಕಂಡಿತು.

ನಾಯಕಿ ನನ್ನ ಕಡೆ ವಾಲಿ ಕೇಳಿದರು, "ನಿಮ್ಮಲ್ಲಿ ಸಭೆ ಮುಗಿಯುವುದೇ ಇಲ್ಲವೇ?"

"ಮುಗಿಯುತ್ತದೆ ಮೇಡಂ. ವಂದನಾರ್ಪಣೆ ಆದರೆ ಮುಗಿಯಿತು. ಆಮೇಲೆ ಆಕಾಶ ಬಿದ್ದರೂ ಯಾರೂ ಮೈಕಿಗೆ ಬರುವುದಿಲ್ಲ. ಅದು ಬಹಳ ಅವಮರ್ಯಾದೆ."

"ವಂದನಾರ್ಪಣೆ ಮಾಡುವವರು ಯಾರು?"

"ನಾನೇ."

ಅವರು ನನ್ನನ್ನು ನೋಡಿದರು. ಮೇಜಿನ ಮೇಲಿದ್ದ ಪೆನ್ನಿನ ಮುಚ್ಚಳವನ್ನು ತೆಗೆದು ಪಕ್ಕಕ್ಕಿಟ್ಟರು.

ಕೆಲಸ ಹೋದರೆ ಹೋಗಲಿ, ಅಕ್ಕನ ಜೊತೆ ಕುಳಿತು ಬೀಡಿ ಕಟ್ಟುವುದನ್ನು ಕಲಿತರಾಯಿತು ಎಂದುಕೊಂಡೆ. ಮಂಜುಗಡ್ಡೆಯವರು ನೀರು ಕುಡಿಯಲು ನಿಲ್ಲಿಸಿದ್ದೇ ತಡ, ಎದ್ದು ಹೋಗಿ ಮೈಕು ಹಿಡಿದೆ. ಬಾಯಿಗೆ ಇಪ್ಪತ್ತು ವರ್ಷದ ಅಭ್ಯಾಸ.

"ದೂರದ ದೇಶದಿಂದ ಬಂದು ಈ ಸಭೆಯನ್ನು ಚಂದಗಾಣಿಸಿಕೊಟ್ಟ ನಾಯಕಿಯವರಿಗೆ ಅನಂತ ವಂದನೆಗಳು. ದೊಡ್ಡ ಮನಸ್ಸು ಮಾಡಿ ಮೂರು ವರ್ಷದ ಒಪ್ಪಂದಕ್ಕೆ ಸಮ್ಮತಿ ನೀಡಿದ ನಮ್ಮ ಪ್ರೀತಿಯ ಅಧ್ಯಕ್ಷರಿಗೆ ತುಂಬು ಹೃದಯದ ವಂದನೆಗಳು. ದೆಹಲಿಯ ಅಧಿಕಾರಿಗಳಿಗೆ, ಸಕಾಲದಲ್ಲಿ ಕುರ್ಚಿ ಒದಗಿಸಿದವರಿಗೆ, ಧ್ವನಿವರ್ಧಕದವರಿಗೆ, ಊಟದ ವ್ಯವಸ್ಥೆ ಮಾಡಿದವರಿಗೆ ವಂದನೆಗಳು. ಇಲ್ಲಿಗೆ ಸಭೆ ಮುಕ್ತಾಯವಾಯಿತು."

ಸಭಾಂಗಣ ಚಪ್ಪಾಳೆಯಿಂದ ತುಂಬಿಹೋಯಿತು. ಊಟ ಎಂಬ ಶಬ್ದಕ್ಕೇ ಅರ್ಧ ಜನ ಎದ್ದಾಗಿತ್ತು. ಚೀಟಿ ಕೊಟ್ಟಿದ್ದ ನಾಲ್ವರು ಪರಸ್ಪರ ಮುಖ ನೋಡಿಕೊಂಡು, ಇನ್ನೇನು ಮಾಡುವುದು, ವಂದನಾರ್ಪಣೆ ಆಯಿತಲ್ಲ ಎಂದು ಕೈ ತೊಳೆಯಲು ಹೊರಟರು. ಧ್ವನಿವರ್ಧಕದವನು ನನ್ನ ಕೈಯಿಂದಲೇ ಮೈಕು ತೆಗೆದುಕೊಂಡು ವಯರು ಸುತ್ತತೊಡಗಿದ. ನಾಯಕಿ ಮೂರು ವರ್ಷ ಎಂದು ಬರೆದಿದ್ದ ಕರಡಿನ ಪ್ರತಿಗಳಿಗೆ ಸಹಿ ಹಾಕಿ ಅವನ್ನು ಅಧ್ಯಕ್ಷರ ಮುಂದೆ ಸರಿಸಿದರು.

ಅಧ್ಯಕ್ಷರು ಬಾಯಿ ತೆರೆದರು, ಮುಚ್ಚಿದರು, ಮತ್ತೆ ತೆರೆದರು. ಮೈಕು ಇದ್ದ ಜಾಗವನ್ನು ನೋಡಿದರು. ಆಮೇಲೆ ಪೆನ್ನು ತೆಗೆದುಕೊಂಡು ಮೂರು ಪ್ರತಿಗಳಿಗೂ ಸಹಿ ಹಾಕಿದರು. ಒಂದಕ್ಕೆ ಐದು ನಿಮಿಷ ಇರುವಾಗ ಕಾರು ಹೊರಟಿತು, ಕಡತದೊಳಗೆ ಆ ಹಾಳೆಯನ್ನು ಇಟ್ಟುಕೊಂಡು.

ಕಾರು ಕಾಣದಾದ ಮೇಲೆ ಅಧ್ಯಕ್ಷರು ನನ್ನನ್ನು ಕಂಬದ ಹಿಂದೆ ಕರೆದರು.

"ಮಾರಾಯ, ನಾನು ಮೂರು ವರ್ಷಕ್ಕೆ ಒಪ್ಪಿದ್ದು ಯಾವಾಗ?"

"ವಂದನಾರ್ಪಣೆಯಲ್ಲಿ ಸರ್."

"ನಾನು ಇಲ್ಲ ಅಂತ ಹೇಳಿದ್ರೆ ಎಂತ ಮಾಡ್ತಿದ್ದಿ?"

ತಲೆ ತಗ್ಗಿಸಿ, "ನೀವು ಯಾಕೆ ಹೇಳಲಿಲ್ಲ ಸರ್?" ಎಂದು ನಾನೇ ಕೇಳಿದೆ.

ಅಧ್ಯಕ್ಷರಿಗೆ ನಿಜವಾಗಿಯೂ ಸಿಟ್ಟು ಬಂತು.

"ಎಲ್ಲರ ಎದುರು ಧನ್ಯವಾದ ತೆಗೆದುಕೊಂಡು ಆದ ಮೇಲೆ ಇಲ್ಲ ಅನ್ಲಿಕ್ಕೆ ನಾನೇನು ಸಂಸ್ಕಾರ ಇಲ್ಲದವನಾ?"