ಬಣ್ಣಪ್ಪ ಆರಿಸಿದ ಹಸಿರು

ಹೆಂಡತಿಗೆ ಸನ್ಮಾನವಂತೆ ಎಂಬ ಸುದ್ದಿ ಬಂದ ಸಂಜೆಯೇ ಬಣ್ಣಪ್ಪ ಊಟದ ಮೇಜಿನ ಮೇಲೆ ಅಂಗೈ ಊರಿ ಆಜ್ಞೆ ಹೊರಡಿಸಿದ. "ಅವತ್ತು ನೀನು ಯಾವ ಬಣ್ಣ ಹಾಕ್ಕೋಬೇಕು ಅನ್ನೋದನ್ನ ನನಗೆ ಬಿಟ್ಟುಬಿಡು. ಅದು ನನ್ನ ಇಲಾಖೆ."

ಮನೆಯವರು ಇಟ್ಟ ಹೆಸರು ಬೇರೆಯೇ ಇತ್ತು. ಬಣ್ಣಪ್ಪ ಎನ್ನುವುದು ಅವನು ಕೆಲಸ ಮಾಡುವ ಪೇಂಟಿನ ಅಂಗಡಿಯವರು ದಯಪಾಲಿಸಿದ ಬಿರುದು. ಗಿರಾಕಿ ಒಂದು ಚೂರು ಉದುರಿದ ಗಾರೆ ತಂದು "ಇದೇ ಬಣ್ಣ ಬೇಕು" ಎಂದರೆ ಸಾಕು, ಅವನು ಅದನ್ನು ಬಾಗಿಲಾಚೆಯ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಡಬ್ಬಿಗೆ ಅಷ್ಟು ಕಪ್ಪು, ಇಷ್ಟು ಹಳದಿ ಬಿಟ್ಟು ಕಲಕಿ ಕೊಡುತ್ತಿದ್ದ. ಹಳೆ ಗೋಡೆ ಎಲ್ಲಿ ಮುಗಿಯಿತು, ಹೊಸ ಬಣ್ಣ ಎಲ್ಲಿ ಶುರುವಾಯಿತು ಎಂದು ಬಳಿದವನಿಗೂ ಗೊತ್ತಾಗುತ್ತಿರಲಿಲ್ಲ. ಇಂಥ ವಿದ್ಯೆ ಕೈಯಲ್ಲಿರುವಾಗ ಜಗತ್ತಿನ ಸಕಲ ಬಣ್ಣಗಳೂ ತನ್ನ ಕೈಕೆಳಗಿನ ನೌಕರರೇ ಎಂದು ಅವನು ನಂಬಿದ್ದರಲ್ಲಿ ಆಶ್ಚರ್ಯವಿಲ್ಲ.

ಹೆಂಡತಿ ಸಿಟಿ ಬಸ್ಸಿನ ಚಾಲಕಿ. ಸೇರಿದಂದಿನಿಂದ ಬಸ್ಸಿಗೆ ಒಂದು ಗೀರೂ ಬೀಳದಂತೆ ಓಡಿಸಿದ್ದಕ್ಕೆ ಡಿಪೋದವರು ಅವಳನ್ನು ವೇದಿಕೆ ಹತ್ತಿಸಿ ಫಲಕ ಕೊಡುವವರಿದ್ದರು. ಫಲಕದ ಬಗ್ಗೆ ಅವಳಿಗೆ ಅಂಥ ಆಸೆಯೇನೂ ಇರಲಿಲ್ಲ. ಇದ್ದದ್ದು ಬೇರೆ ಆಸೆ.

"ಇಷ್ಟು ವರ್ಷ ಖಾಕಿಯಲ್ಲೇ ಕಳೆದೆ," ಎಂದಳು. "ಜನ ನನ್ನ ಮುಖ ನೋಡಲ್ಲ, ಬಸ್ಸಿನ ನಂಬರ್ ನೋಡ್ತಾರೆ. ಒಂದು ದಿನವಾದ್ರೂ ಎಲ್ಲರಿಗೂ ನಾನು ಕಾಣಬೇಕು. ಕಡುಗೆಂಪು ಹೊಲಿಸಿಕೊಳ್ಳೋಣ ಅಂತಿದ್ದೆ."

ಬಣ್ಣಪ್ಪ ಕಣ್ಣು ಮುಚ್ಚಿ ತಲೆಯಾಡಿಸಿದ. ರೋಗಿಯ ಮೂರ್ಖತನಕ್ಕೆ ಮರುಗುವ ವೈದ್ಯರು ಹಾಗೆ ಮಾಡುತ್ತಾರೆ. "ದಿನವಿಡೀ ಕೆಂಪು ದೀಪದ ಮುಂದೆ ನಿಲ್ಲೋದು ಸಾಲದಾ? ಹಸಿರು ಹಾಕ್ಕೋ. ಮುಂದೆ ಹೋಗೋ ಬಣ್ಣ ಅದು."

"ಯಾವ ಹಸಿರು?"

"ಅದನ್ನ ಪರೀಕ್ಷೆ ಮಾಡಿ ಹೇಳ್ತೀನಿ."

ಮರುದಿನದಿಂದ ಪರೀಕ್ಷೆ ಶುರುವಾಯಿತು. ಅಂಗಡಿಯ ಬಣ್ಣದ ಪಟ್ಟಿಗಳೆಲ್ಲ ಮನೆಗೆ ಬಂದವು. ಅವಳು ಹಲ್ಲುಜ್ಜುವಾಗ ಕೆನ್ನೆಗೊಂದು ಪಟ್ಟಿ, ಬಟ್ಟೆ ಒಣಗಿಸುವಾಗ ಕುತ್ತಿಗೆಗೊಂದು ಪಟ್ಟಿ. ಬೆಳಗಿನ ಬಿಸಿಲಲ್ಲಿ ನೋಡಿದ, ನೆರಳಲ್ಲಿ ನೋಡಿದ, ಬಚ್ಚಲಿನ ಮಂಕು ದೀಪದಲ್ಲಿ ನೋಡಿದ. ಕೆಲಸಕ್ಕೆ ಹೊರಟ ಅವಳು ಒಮ್ಮೆ ಕಿವಿಯ ಹಿಂದೆ ಪಟ್ಟಿಯೊಂದು ಸಿಕ್ಕಿಕೊಂಡಿರುವುದು ತಿಳಿಯದೆ ಡಿಪೋ ತನಕ ಹೋಗಿ, ಕಂಡಕ್ಟರನಿಂದ "ಅಕ್ಕಾ, ನಿಮಗೂ ಬೆಲೆಚೀಟಿ ಅಂಟಿಸಿದ್ದಾರಾ?" ಎನ್ನಿಸಿಕೊಂಡಳು.

ಕೊನೆಗೆ ಬಣ್ಣಪ್ಪ ಒಂದನ್ನು ಎತ್ತಿ ಹಿಡಿದ. "ದಟ್ಟ ಕಾನನ. ಇದೇ."

ಮೂಲೆಯ ಕುರ್ಚಿಯಲ್ಲಿದ್ದ ಅವನ ತಾಯಿ ಕನ್ನಡಕ ಏರಿಸಿದರು. "ಕಾನನ ಎಲ್ಲಿಂದ ಬಂತೋ, ಬಾಟಲಿ ಹಸಿರು ಅದು."

"ಅಮ್ಮಾ, ಬಣ್ಣಕ್ಕೆ ಮರ್ಯಾದೆ ಕೊಡು."

ಒಂದು ಮಾತು ಒಪ್ಪಲೇಬೇಕು. ದರ್ಜಿ ಹೆಂಗಸು ಹೊಲಿದುಕೊಟ್ಟ ಆ ಉದ್ದನೆಯ ನಿಲುವಂಗಿ ತೊಟ್ಟು ಅವಳು ಕೋಣೆಯಿಂದ ಹೊರಬಂದಾಗ ಮನೆಯ ಬಿಳಿ ಗೋಡೆಯೇ ಬೆಳಗಿದಂತಾಯಿತು. ಅತ್ತೆ ಬಾಯಿ ಮುಚ್ಚಿಕೊಂಡು ನೋಡಿದರು, ಅದೇ ಒಂದು ಪ್ರಶಸ್ತಿ. ಅವಳೂ ಕನ್ನಡಿಯಲ್ಲಿ ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ, ತುಸು ನಾಚಿ, "ಹೋಗಲಿ ಬಿಡಿ, ನಿಮಗೆ ಬಣ್ಣ ಗೊತ್ತು," ಎಂದಳು. ಬಣ್ಣಪ್ಪ ಅಂದು ನೆಲದ ಮೇಲೆ ನಡೆಯಲಿಲ್ಲ.

ಸಭಾಂಗಣದಲ್ಲಿ ಬಣ್ಣಪ್ಪನಿಗೂ ತಾಯಿಗೂ ಮೊದಲ ಸಾಲಿನ ಕುರ್ಚಿ. ದೀಪಗಳು ಹತ್ತಿದವು, ಮುಂದಿನ ಪರದೆ ಸರಿಯಿತು. ವೇದಿಕೆಯ ಹಿಂಭಾಗದಲ್ಲಿ ಈ ಗೋಡೆಯಿಂದ ಆ ಗೋಡೆಯವರೆಗೆ, ಮೇಲಿಂದ ನೆಲದವರೆಗೆ ಇನ್ನೊಂದು ಪರದೆ ನೆರಿಗೆ ನೆರಿಗೆಯಾಗಿ ಇಳಿಬಿದ್ದಿತ್ತು.

ಬಣ್ಣಪ್ಪ ಒಂದು ಕಣ್ಣು ಮುಚ್ಚಿದ. ಆ ಕಣ್ಣು ತೆರೆದು ಇನ್ನೊಂದನ್ನು ಮುಚ್ಚಿದ. ಯಾವ ಕಣ್ಣಿಗೂ ಕರುಣೆ ಬರಲಿಲ್ಲ. ಅದು ದಟ್ಟ ಕಾನನವೇ. ಒಂದು ಹನಿ ಹೆಚ್ಚಿಲ್ಲ, ಒಂದು ಹನಿ ಕಡಿಮೆಯಿಲ್ಲ.

ಅಷ್ಟರಲ್ಲಿ ಡಿಪೋ ಮ್ಯಾನೇಜರ್ ಅವಳನ್ನು ವೇದಿಕೆಗೆ ಕರೆದು ಆ ಪರದೆಯ ಮುಂದೆ ನಿಲ್ಲಿಸಿ, ಮೈಕಿನ ಮುಂದೆ ಹೊಗಳಿಕೆ ಶುರುಮಾಡಿಯೂ ಆಯಿತು. ಸಭಿಕರಲ್ಲಿ ಗುಸುಗುಸು ಹಬ್ಬಿತು. ವೇದಿಕೆಯ ಮೇಲೆ ಒಂದು ನಗುಮುಖ, ಅದರಿಂದ ಸಾಕಷ್ಟು ಕೆಳಗೆ ಒಂದರ ಮೇಲೊಂದು ಇಟ್ಟ ಎರಡು ಕೈ. ನಡುವೆ ಏನೂ ಇಲ್ಲ.

"ಲೋ," ಎಂದರು ತಾಯಿ, ಎಲ್ಲರಿಗೂ ಕೇಳುವಂತೆ, "ನಿನ್ನ ಹೆಂಡತಿ ಕುತ್ತಿಗೆ ಕೆಳಗೆ ಎಲ್ಲಿ ಹೋದಳೋ?"

ಎಲ್ಲರಿಗೂ ಕಾಣಬೇಕೆಂದು ಬಂದವಳನ್ನು ಬಣ್ಣಪ್ಪ ಕೈಯಾರೆ ಅಳಿಸಿ ಹಾಕಿದ್ದ. ಹೇಗಾದರೂ ಅವಳನ್ನು ಎಚ್ಚರಿಸಬೇಕು. ಎದ್ದು ನಿಂತು, "ಹಿಂದೆ ಪರದೆ, ಹಿಂದೆ ಪರದೆ," ಎಂದು ಸದ್ದಿಲ್ಲದೆ ತುಟಿಯಲ್ಲೇ ಅನ್ನುತ್ತ, ಎರಡೂ ಅಂಗೈಗಳನ್ನು ಪರದೆಯ ಕಡೆಗೆ ತಳ್ಳಿ ತಳ್ಳಿ ತೋರಿಸಿದ.

ಬಸ್ಸಿನವರ ಭಾಷೆಯಲ್ಲಿ ಆ ಸನ್ನೆಗೆ ಒಂದೇ ಅರ್ಥ: ರಿವರ್ಸ್ ತಗೋ.

ಯಾರಿಗೋ ಅಡ್ಡವಾಗಿದ್ದೇನೆಂದುಕೊಂಡ ಅವಳು ಒಂದು ಹೆಜ್ಜೆ ಹಿಂದೆ ಸರಿದಳು. ಬಣ್ಣಪ್ಪ ಗಾಬರಿಯಲ್ಲಿ ಇನ್ನೂ ಜೋರಾಗಿ ತಳ್ಳಿದ. ಅವಳು ಇನ್ನೂ ಹಿಂದೆ ಹೋದಳು. ಸರಿಯಾಗಿ ಅಲ್ಲೇ ಪರದೆಯ ಎರಡು ಅಂಚುಗಳು ಕೂಡುತ್ತಿದ್ದವು. ಮೊದಲು ಕೈ ಹೋಯಿತು, ಆಮೇಲೆ ಮುಖ. ಪರದೆ ಮುಚ್ಚಿಕೊಂಡಿತು. ಮರುಗಳಿಗೆ ಒಳಗಿನಿಂದ, ಮಡಚಿ ಪೇರಿಸಿದ್ದ ಕಬ್ಬಿಣದ ಕುರ್ಚಿಗಳು ಒಂದೊಂದಾಗಿ, ಯಾವ ಅವಸರವೂ ಇಲ್ಲದೆ ಉರುಳುವ ಸದ್ದು ಕೇಳಿಸಿತು.

"...ಇಂದಿನವರೆಗೂ ಒಂದೇ ಒಂದು ಅಪಘಾತವಿಲ್ಲದೆ," ಎನ್ನುತ್ತಿದ್ದ ಮ್ಯಾನೇಜರ್ ಅಲ್ಲಿಗೇ ನಿಂತರು.

ಕಿವಿ ಮಂದವಾಗಿದ್ದ ಮುಖ್ಯ ಅತಿಥಿಗಳಿಗೆ ಸದ್ದು ಕೇಳಿಸಿರಲಿಲ್ಲ. ಅವರು ಫಲಕ ಹಿಡಿದು ತಿರುಗಿದರು. ಎದುರಿಗೆ ಪರದೆ, ತುಸು ನಡುಗುತ್ತಿತ್ತು. ಅವರು ವಿನಯದಿಂದ ಅದಕ್ಕೇ ಫಲಕ ನೀಡಿದರು. ಪರದೆಯಿಂದ ಎರಡು ಕೈ ಹೊರಬಂದು ಭದ್ರವಾಗಿ ಹಿಡಿದುಕೊಂಡವು. ಫೋಟೋದವನು ಕ್ಲಿಕ್ಕಿಸಿದ.

ಅವಳಿಗೆ ಪೆಟ್ಟೇನೂ ಆಗಿರಲಿಲ್ಲ. ಆದರೆ ನಿಲುವಂಗಿಯ ತೋಳು ಕುರ್ಚಿಗೆ ಸಿಕ್ಕಿ ಭುಜದವರೆಗೆ ಹರಿದಿತ್ತು. ಪರದೆಯ ಹಿಂದೆ ನಿಂತಿದ್ದ ಡಿಪೋದ ಟೈರ್ ಬಿಚ್ಚುವವನು ಹಿಂದುಮುಂದು ನೋಡದೆ ತನ್ನ ಮೈಮೇಲಿದ್ದ ಹೊಳೆಯುವ ಪಟ್ಟಿಯ ಕಿತ್ತಳೆ ಜಾಕೆಟ್ಟನ್ನು ತೆಗೆದು ಅವಳಿಗೆ ತೊಡಿಸಿದ. ಅದರಲ್ಲೇ ಅವಳು ಹೊರಬಂದಳು. ಸಭಾಂಗಣದ ಕೊನೆಯ ಕುರ್ಚಿಯವನಿಗೂ ಕಣ್ಣು ಕುಕ್ಕುವಂತೆ ಕಂಡಳು.

ಮ್ಯಾನೇಜರ್ ಅತಿಥಿಗಳ ಕಿವಿಗೆ ಬಾಗಿ, ಮೈಕು ಆನಾಗಿರುವುದು ಮರೆತು, "ಇದನ್ನ ಅಪಘಾತ ಅಂತ ಲೆಕ್ಕಕ್ಕೆ ತಗೋಬೇಕಾ ಸಾರ್?" ಎಂದು ಕೂಗಿದರು.

"ಬಸ್ಸಿತ್ತಾ?" ಎಂದರು ಅತಿಥಿಗಳು.

"ಇಲ್ಲ."

"ಹಾಗಾದ್ರೆ ಬಿಡಿ."

ಅವಳಿಗೆ ಎರಡು ಮಾತಾಡಲು ಹೇಳಿದರು. ಮೈಕು ಸರಿಮಾಡಿಕೊಂಡು ಮೊದಲ ಸಾಲನ್ನೇ ನೋಡುತ್ತ ಹೇಳಿದಳು: "ಕನ್ನಡಿ ನೋಡದೆ ನಾನು ಯಾವತ್ತೂ ರಿವರ್ಸ್ ತಗೊಂಡವಳಲ್ಲ. ಇವತ್ತು ಗಂಡನ ಮುಖ ನೋಡಿ ತಗೊಂಡೆ. ಎಲ್ಲ ಚಾಲಕರೂ ಇದರಿಂದ ಪಾಠ ಕಲೀಬೇಕು."

ಚಪ್ಪಾಳೆ ನಿಲ್ಲಲೇ ಇಲ್ಲ. ಎಲ್ಲರಿಗಿಂತ ಜೋರಾಗಿ ತಟ್ಟಿದವರು ಬಣ್ಣಪ್ಪನ ತಾಯಿ. ಬಣ್ಣಪ್ಪ ಮಾತ್ರ ಕುರ್ಚಿಯಲ್ಲಿ ಆದಷ್ಟು ಕೆಳಕ್ಕೆ ಜಾರಿದ. ಅಂಗಡಿಯಲ್ಲಿ ಗಳಿಸಿದ ಬಿರುದಿನ ಬಣ್ಣವೆಲ್ಲ ಒಂದೇ ಸಂಜೆಯಲ್ಲಿ ಬಯಲಾಗಿತ್ತು.

ಕಿತ್ತಳೆ ಜಾಕೆಟ್ಟಿನ ಫೋಟೋ ಈಗ ಮನೆಯ ಗೋಡೆಯ ಮೇಲಿದೆ. ಹೊಳೆಯುವ ಪಟ್ಟಿಗಳ ಬೆಳಕು ಮುಖಕ್ಕೆ ಬಿದ್ದು ಅವಳು ನಿಜಕ್ಕೂ ಚೆನ್ನಾಗಿ ಕಾಣುತ್ತಾಳೆ. ಮೊನ್ನೆ ಪಕ್ಕದ ಮನೆಯಾಕೆ ಅದರ ಮುಂದೆ ನಿಂತು, "ಎಷ್ಟು ಒಪ್ಪುತ್ತೆ ನಿಮಗೆ ಆ ಬಣ್ಣ. ಯಾರು ಆರಿಸಿದ್ದು?" ಎಂದು ಕೇಳಿದಳು.

ಬಣ್ಣಪ್ಪ ಗಂಟಲು ಸರಿಮಾಡಿಕೊಂಡ.

"ಡಿಪೋದಲ್ಲಿ ಟೈರ್ ಬಿಚ್ಚೋರು," ಎಂದಳು ಹೆಂಡತಿ.

ಪಕ್ಕದ ಮನೆಯಾಕೆ ಹೋದ ಮೇಲೆ ಅವಳು ಬೀರುವಿನಿಂದ ಒಂದು ಪೊಟ್ಟಣ ತಂದು ಗಂಡನ ಮುಂದಿಟ್ಟಳು. "ನಿಮ್ಮ ಅಂಗಡಿಯ ವಾರ್ಷಿಕೋತ್ಸವಕ್ಕೆ ಹೊಸ ಅಂಗಿ. ಈ ಸಲ ನಾನೇ ಆರಿಸಿದೆ."

ಅವನು ಬಿಚ್ಚಿ ನೋಡಿದ. ನೀಲಿಯೂ ಅಲ್ಲದ, ಬೂದಿಯೂ ಅಲ್ಲದ, ಅಂಗಡಿಯ ಯಾವ ಪಟ್ಟಿಯಲ್ಲೂ ಇಲ್ಲದ ಬಣ್ಣ. "ಇದು ನನಗೆ ಒಪ್ಪುತ್ತಾ?" ಎಂದ ಮೆಲ್ಲಗೆ.

"ಅದೆಲ್ಲ ನನಗೆ ಗೊತ್ತಿಲ್ಲ. ನೀವು ಅವತ್ತು ಭಾಷಣ ಮಾಡ್ತೀರಂತೆ. ಅದಕ್ಕೇ ಹೋಗಿ ಅಲ್ಲಿನ ಪರದೆ ನೋಡ್ಕೊಂಡು ಬಂದು, ಅದೇ ಬಣ್ಣದ್ದು ತಂದೆ."