ಮೌನದ ಮಠದಲ್ಲಿ ಕೋಡುಬಳೆ

ಕೆಲವರಿಗೆ ಧೂಳು ಕಂಡರೆ ಸೀನು ಬರುತ್ತದೆ, ಕೆಲವರಿಗೆ ಘಾಟಿ ರಸ್ತೆ ಕಂಡರೆ ಹೊಟ್ಟೆ ತೊಳಸುತ್ತದೆ. ನನಗೆ ಗಾಂಭೀರ್ಯ ಕಂಡರೆ ನಗು ಬರುತ್ತದೆ. ಇದನ್ನು ನಾನು ಹೆಮ್ಮೆಯಿಂದ ಹೇಳುತ್ತಿಲ್ಲ. ನಾಲ್ಕು ಜನ ಮುಖ ಬಿಗಿದುಕೊಂಡು ಕೂತರೆ ಸಾಕು, ನನ್ನ ಹೊಟ್ಟೆಯೊಳಗೆ ಯಾರೋ ಸೋಡಾ ಬಾಟಲಿ ಅಲ್ಲಾಡಿಸಲು ಶುರು ಮಾಡುತ್ತಾರೆ. ಮೈಸೂರಿನಲ್ಲಿ ನನ್ನ ನಿಕಾಹ್ ಆದಾಗ ಖಾಜಿ ಸಾಹೇಬರ ಕಡೆಯವರು ಒಪ್ಪಿಗೆ ಕೇಳಲು ಒಳಗೆ ಬಂದರು. ಮುಸುಕಿನೊಳಗೆ ನನ್ನ ಭುಜಗಳು ಕುಲುಕಾಡುತ್ತಿದ್ದವು. ಪಾಪ, ಹುಡುಗಿ ತವರು ನೆನೆದು ಅಳುತ್ತಿದ್ದಾಳೆ ಎಂದು ಚಿಕ್ಕಮ್ಮ ಖಾಲಾ ಅತ್ತರು, ಅವರನ್ನು ನೋಡಿ ಸೋದರತ್ತೆ ಫೂಫಿ ಅತ್ತರು, ಅಡುಗೆಮನೆಯವರೆಗೂ ಅಳು ಹರಡಿತು. ನಿಜಸಂಗತಿ ನನ್ನ ಗಂಡನಿಗೆ ಮಾತ್ರ ಗೊತ್ತು. ಆದ್ದರಿಂದಲೇ ಸ್ಯಾನ್ ಡಿಯಾಗೋದಲ್ಲಿ ಯಾರ ಮನೆಯಲ್ಲಿ ಸಾವಾದರೂ ಅವರು ಒಬ್ಬರೇ ಹೋಗಿ ಬರುತ್ತಾರೆ, ನನಗೆ ನೆಗಡಿಯೆಂದು ಹೇಳುತ್ತಾರೆ. ನಾವಿರುವ ಸ್ಕ್ರಿಪ್ಸ್ ರ್ಯಾಂಚ್ ಬಡಾವಣೆಯ ಬಳಗದಲ್ಲಿ ನನ್ನಷ್ಟು ನೆಗಡಿಯ ಹೆಂಗಸು ಇನ್ನೊಬ್ಬಳಿಲ್ಲ ಎಂಬ ಮಾತಿದೆ.

ಈ ಕಾಯಿಲೆಯನ್ನು ಮೊದಲು ಪತ್ತೆ ಹಚ್ಚಿದವರು ಸರೋಜಾ ಮಿಸ್. ನಮಗೆ ಹೈಸ್ಕೂಲಿನಲ್ಲಿ ಚರಿತ್ರೆ ಕಲಿಸುತ್ತಿದ್ದರು. ಯುರೋಪಿನ ಗಾಥಿಕ್ ಶೈಲಿಯ ಪಾಠ ಬಂದಾಗ ಅವರು ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಒಂದು ಮೊನಚು ಕಮಾನು ಬರೆಯುತ್ತಿದ್ದರು. ಆಹಾ, ಆ ಕಮಾನು! ಆಮೇಲೆ, “ಎಲ್ಲರೂ ಎದ್ದು ನಿಂತು ಕೈಮುಗೀರಿ, ಬೆರಳ ತುದಿ ನೋಡ್ಕೊಳ್ಳಿ, ಅದೇ ಗಾಥಿಕ್ ಕಮಾನು” ಎನ್ನುತ್ತಿದ್ದರು. ಇಡೀ ಕ್ಲಾಸು ಕಪ್ಪು ಹಲಗೆಗೆ ಕೈಮುಗಿದು ನಿಂತ ಆ ದೃಶ್ಯವನ್ನು ನಾನು ಪೂರ್ತಿ ನೋಡಿದ್ದೇ ಇಲ್ಲ. ಅಷ್ಟರೊಳಗೆ ನನ್ನನ್ನು ಹೊರಗೆ ಕಳಿಸಿರುತ್ತಿದ್ದರು. ಮಿಸ್ ಮಾತ್ರ ನಕ್ಕಿದ್ದನ್ನು ಕಂಡವರಿಲ್ಲ. ಹೆಡ್‌ಮಾಸ್ಟರು ಕುರ್ಚಿಯಿಂದ ಜಾರಿ ಬಿದ್ದ ದಿನವೂ ಅವರು ಸೆರಗು ಸರಿಮಾಡಿಕೊಂಡು, “ಏಳಿ ಸಾರ್” ಎಂದರಂತೆ, ಅಷ್ಟೇ.

ಅಂಥ ಮಿಸ್ ರಿಟೈರಾಗಿ ಲಾಸ್ ಏಂಜಲೀಸಿನ ಪಕ್ಕದ ಬರ್ಬ್ಯಾಂಕಿನಲ್ಲಿರುವ ಮಗಳು ವೀಣಾಳ ಮನೆಗೆ ಬಂದಿದ್ದರು. ವೀಣಾ ಶಾಲೆಯಲ್ಲಿ ನನಗಿಂತ ಕೆಳಗಿನ ಕ್ಲಾಸಿನಲ್ಲಿದ್ದವಳು. ಒಂದು ದಿನ ಅವಳ ಫೋನು: “ನಸೀಮಕ್ಕ, ಅಮ್ಮ ಎರಡು ದಿನದಿಂದ ನಮ್ಮ ಹತ್ರ ಮಾತಾಡ್ತಿಲ್ಲ. ನೀವು ಒಂದ್ಸಲ ಮಾತಾಡಿ ನೋಡಿ.” ವಿಚಾರಿಸಿದರೆ ಅಳಿಯ ತಾನು ಕೆಲಸ ಮಾಡುವ ಸಿನಿಮಾ ಸ್ಟುಡಿಯೋ ತೋರಿಸಲು ಮಿಸ್ಸನ್ನು ಕರೆದುಕೊಂಡು ಹೋಗಿದ್ದನಂತೆ. ಅಲ್ಲಿ ಒಂದು ಬೀದಿಯ ತಿರುವಿನಲ್ಲಿ ಗಾಥಿಕ್ ಚರ್ಚಿನ ದೊಡ್ಡ ಮುಂಭಾಗ ಕಂಡಿತು. ಮೊನಚು ಕಮಾನು, ಗುಲಾಬಿಯಾಕಾರದ ಕಿಟಕಿ, ಎಲ್ಲ ಇತ್ತು. ಜೀವಮಾನವಿಡೀ ಬೋರ್ಡಿನ ಮೇಲೆ ಬರೆದದ್ದು ಕಣ್ಣೆದುರಿಗೆ ನಿಂತಿದ್ದನ್ನು ಕಂಡು ಮಿಸ್ ಚಪ್ಪಲಿ ಕಳಚಿ ಓಡಿಹೋಗಿ ಬಾಗಿಲು ತಳ್ಳಿದರು. ಹಿಂದೆ ಏನೂ ಇರಲಿಲ್ಲ. ಆಕಾಶ, ಗೋಡೆಗೆ ಆನಿಸಿದ ನಾಲ್ಕು ಊರುಗೋಲು, ಸ್ಯಾಂಡ್‌ವಿಚ್ ತಿನ್ನುತ್ತಿದ್ದ ಇಬ್ಬರು ಬಡಗಿಗಳು.

“ಪ್ಲೈವುಡ್ಡು ಕಣೇ ನಸೀಮಾ,” ಎಂದರು ಮಿಸ್ ಫೋನಿನಲ್ಲಿ.  “ಮುಂದಿನ ವಾರ ಊರಿಗೆ ಹೊರಟೆ. ಇನ್ನೊಂದ್ಸಲ ಬರೋ ಶಕ್ತಿ ನನಗಿಲ್ಲ. ಯುರೋಪಂತೂ ದೂರದ ಮಾತು. ನಿಮ್ಮ ಕಡೆ ನಿಜವಾದ ಕಲ್ಲಿಂದು ಒಂದಾದ್ರೂ ಇದೆಯೇನೇ?”

“ಇದೆ ಮಿಸ್, ಕರ್ಕೊಂಡು ಹೋಗ್ತೀನಿ,” ಎಂದುಬಿಟ್ಟೆ. ಇದೆಯೋ ಇಲ್ಲವೋ ನನಗೇನು ಗೊತ್ತು? ನಾನು ಕಂಡ ಕ್ಯಾಲಿಫೋರ್ನಿಯಾದಲ್ಲಿ ಅತ್ಯಂತ ಪುರಾತನವಾದದ್ದು ನಮ್ಮ ಮನೆಯ ಡಿಶ್‌ವಾಷರು. ಆದರೆ ಮಿಸ್ ಪ್ರಶ್ನೆ ಕೇಳಿದಾಗ ಗೊತ್ತಿಲ್ಲ ಎನ್ನುವ ಧೈರ್ಯ ನನಗೆ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಲೈಬ್ರರಿಯಲ್ಲಿ ವಿಚಾರಿಸಿದಾಗ ಅಲ್ಲಿನ ಹೆಂಗಸು ಒಂದು ವಿಷಯ ಹೇಳಿದಳು. ಲಾಸ್ ಏಂಜಲೀಸಿಗೂ ಸ್ಯಾನ್ ಡಿಯಾಗೋಗೂ ನಡುವಿನ ಬೆಟ್ಟಗಳಲ್ಲಿ ಕ್ರೈಸ್ತ ಸನ್ಯಾಸಿಗಳ ಒಂದು ಮಠವಿದೆ. ಹಿಂದೆ ಯಾರೋ ಶ್ರೀಮಂತ ಯುರೋಪಿನ ಪಾಳುಬಿದ್ದ ಗಾಥಿಕ್ ಮಠವೊಂದನ್ನು ಕೊಂಡು, ಕಲ್ಲು ಕಲ್ಲು ಬಿಚ್ಚಿಸಿ, ಪೆಟ್ಟಿಗೆಗಳಲ್ಲಿ ತುಂಬಿಸಿ ಹಡಗಿನಲ್ಲಿ ತರಿಸಿದ್ದನಂತೆ. ಅವನ ಕಾಲದ ನಂತರ ಸನ್ಯಾಸಿಗಳು ಬಂದು ಅದನ್ನು ಜೋಡಿಸಿದರಂತೆ. ಅತಿಥಿಗಳಿಗೆ ಊಟವೂ ಉಂಟು. “ಆದರೆ ಅಲ್ಲಿ ಮೌನ ಕಡ್ಡಾಯ,” ಎಂದಳು. ನನಗೆ ನನ್ನ ಕಾಯಿಲೆ ನೆನಪಾಯಿತು.

ಆಗಿನ್ನೂ ಫೋನುಗಳು ದಾರಿ ಹೇಳುತ್ತಿರಲಿಲ್ಲ. ಕಂಪ್ಯೂಟರಿನಿಂದ ಪ್ರಿಂಟ್ ತೆಗೆದ ಹಾಳೆಗಳನ್ನು ಮಿಸ್ ಕೈಗೆ ಕೊಟ್ಟು ಬರ್ಬ್ಯಾಂಕಿನಿಂದ ಡ್ರೈವ್ ಮಾಡಿಕೊಂಡು ಹೊರಟೆ. ಅವರು ಅದನ್ನು ಪಾಠದಂತೆ ಓದಿದರು: “ಎಡಕ್ಕೆ ತಿರುಗು. ತಿರುಗಿದ್ಯಾ? ಇಂಡಿಕೇಟರ್ ಹಾಕಿದ್ಯಾ? ಕೂದಲು ಮುಖದ ಮೇಲೆ ಬಿಟ್ಕೊಂಡು ಯಾಕೆ ಓಡಿಸ್ತೀಯ?” ಅವರ ಮಡಿಲಲ್ಲಿ ಒಂದು ಸ್ಟೀಲ್ ಡಬ್ಬಿಯಿತ್ತು. ಏನೆಂದು ಕೇಳಿದೆ. “ಕೋಡುಬಳೆ. ಮಠಕ್ಕೆ ಬರಿಗೈಲಿ ಹೋಗ್ತಾರೇನೇ?”

ಮಠದ ಬಾಗಿಲಲ್ಲಿ ತುಟಿಯ ಮೇಲೆ ಬೆರಳಿಟ್ಟ ಒಂದು ಚಿತ್ರದ ಬೋರ್ಡಿತ್ತು. ಒಳಗೆ ಕಾಲಿಟ್ಟರೆ ಉದ್ದನೆಯ ಮೊಗಸಾಲೆ, ಎರಡೂ ಕಡೆ ಕಂಬಗಳು, ಕಂಬದಿಂದ ಕಂಬಕ್ಕೆ ಕೈಮುಗಿದ ಹಾಗೆ ಮೊನಚು ಕಮಾನುಗಳು. ನಾನು ಮಿಸ್ ಮುಖ ನೋಡಿದೆ. ಅಲ್ಲಿ ಆನಂದವಿರಲಿಲ್ಲ, ಅನುಮಾನವಿತ್ತು. ಒಮ್ಮೆ ಪ್ಲೈವುಡ್ಡಿನಿಂದ ಮೋಸ ಹೋದವರು. ಸೀದಾ ಮೊದಲನೇ ಕಂಬದ ಹತ್ತಿರ ಹೋಗಿ ಬೆರಳ ಗೆಣ್ಣಿನಿಂದ ಟಕ್ ಟಕ್ ಎಂದು ಬಡಿದರು. ಕಿವಿಯಿಟ್ಟು ಕೇಳಿದರು. ತಲೆದೂಗಿದರು. ಎರಡನೇ ಕಂಬಕ್ಕೆ ಹೋದರು. ಆ ನಿಶ್ಶಬ್ದದಲ್ಲಿ ಅದು ಲಾಳ ಹೊಡೆಯುವವನ ಅಂಗಡಿಯಂತೆ ಕೇಳಿಸಿತು. ಐದಾರು ಕಂಬ ಆಗುವಷ್ಟರಲ್ಲಿ ಪಕ್ಕದ ಒಂದು ಬಾಗಿಲು ತೆರೆದು, ಬಿಳಿ ನಿಲುವಂಗಿಯ ಎತ್ತರದ ಸನ್ಯಾಸಿಯೊಬ್ಬರು ಯಾರು ಬಾಗಿಲು ತಟ್ಟಿದ್ದು ಎಂಬಂತೆ ಇಣುಕಿದರು. ಎದೆಯ ಮೇಲೆ ಬ್ರದರ್ ಅನ್ಸೆಲ್ಮ್ ಎಂಬ ಪಟ್ಟಿಯಿತ್ತು, ಅತಿಥಿಗಳನ್ನು ನೋಡಿಕೊಳ್ಳುವವರು. ಮಿಸ್ ಬೆರಳು ಇನ್ನೂ ಕಂಬದ ಮೇಲಿತ್ತು. ಕಂಬದೊಳಗಿಂದ ಯಾರಾದರೂ ಉತ್ತರ ಕೊಡಲೆಂದು ಕಾಯುತ್ತಿರುವ ಹಾಗಿದ್ದರು. ನನ್ನ ಹೊಟ್ಟೆಯಲ್ಲಿ ಸೋಡಾ ಅಲ್ಲಾಡಿತು. ನಾನು ಕೆನ್ನೆಯ ಒಳಭಾಗವನ್ನು ಕಚ್ಚಿಕೊಂಡೆ.

ಬ್ರದರ್ ನಮ್ಮನ್ನು ಗದರಲಿಲ್ಲ. ಕೈಸನ್ನೆ ಮಾಡಿ ಚರ್ಚಿನೊಳಗೆ ಕರೆದೊಯ್ದು ಹಿಂದಿನ ಬೆಂಚಿನಲ್ಲಿ ಕೂರಿಸಿದರು. ಮಧ್ಯಾಹ್ನದ ಪ್ರಾರ್ಥನೆಯ ಹೊತ್ತು. ಸನ್ಯಾಸಿಗಳು ಎರಡು ಸಾಲಾಗಿ ಬಂದು ನಿಂತರು, ಕೊನೆಗೆ ಅತಿ ಮುದುಕರಾದ ಒಬ್ಬರು ಬಂದು ನಿಲ್ಲಲಾರದೆ ಕೂತರು. ಪರಮ ಮೌನ. ಆಗ ಮಿಸ್ ನನ್ನ ಕಿವಿಯಲ್ಲಿ ಪಿಸುಗುಟ್ಟಿದರು. ಎಂಬತ್ತು ಮಕ್ಕಳ ಕ್ಲಾಸಿನಲ್ಲಿ ಪಳಗಿದ ಗಂಟಲಿಗೆ ಪಿಸುಮಾತೆಂಬುದಿಲ್ಲ. “ನಸೀಮಾ, ಮೇಲೆ ನೋಡೇ, ಪಕ್ಕೆಲುಬಿನ ಚಾವಣಿ!” ಎಂಬುದು ಚಾವಣಿಗೆ ಹೋಗಿ, ಅಲ್ಲಿ ಪಕ್ಕೆಲುಬಿನಂತೆ ಹರಡಿದ್ದ ಕಲ್ಲಿನ ಏಣುಗಳನ್ನೆಲ್ಲ ಸುತ್ತಿ, “ಣಿ... ಣಿ...” ಎನ್ನುತ್ತ ವಾಪಸು ಬಂತು. ಸನ್ಯಾಸಿಗಳು ಕದಲಲಿಲ್ಲ. ಅದೇ ಕ್ಷಣ ಕೂತಿದ್ದ ಮುದುಕರಿಂದ ಒಂದು ಗೊರಕೆ ಬಂತು. ಸಣ್ಣದಲ್ಲ, ತಂಬೂರಿಯ ಹಾಗೆ ಒಂದೇ ಶ್ರುತಿಯಲ್ಲಿ ಉದ್ದಕ್ಕೆ ನಿಂತ ಗೊರಕೆ. ಪ್ರಾರ್ಥನೆ ಶುರು ಮಾಡಬೇಕಾದವರು ಒಂದು ಗಳಿಗೆ ಕಾದು, ಸರಿಯಾಗಿ ಅದೇ ಶ್ರುತಿ ಹಿಡಿದು ಹಾಡಲು ಶುರು ಮಾಡಿದರು!

ಮುಗಿಯಿತು. ದುಪಟ್ಟಾವನ್ನು ಬಾಯಿಗೆ ತುರುಕಿಕೊಂಡೆ. ಸತ್ತವರನ್ನೆಲ್ಲ ನೆನೆದೆ. ನಗು ಭುಜಕ್ಕೆ ಇಳಿಯಿತು, ಭುಜದಿಂದ ಬೆಂಚಿಗೆ. ಆ ಬೆಂಚೋ ಹಳೇ ಕಾಲದ್ದು, ಕಿರ್ರ್ ಕಿರ್ರ್ ಎನ್ನತೊಡಗಿತು. ಮಿಸ್ ನನ್ನ ಕಡೆ ತಿರುಗಿದರು. ಅದೇ ಹೈಸ್ಕೂಲಿನ ನೋಟ. ಎರಡು ಬೆರಳಿನಿಂದ ನನ್ನ ತೋಳನ್ನು ಹಿಡಿದು ತಿರುಚಿದರು. ಟೀನೇಜ್ ಮಗಳಿರುವ ನನ್ನಂಥ ಹೆಂಗಸನ್ನು, ಅದೂ ಪರದೇಶದ ಮಠದಲ್ಲಿ! ಚಿವುಟಿದ ನೋವಿಗೆ “ಕಿಸಕ್” ಎಂದು ಒಂದು ತುಣುಕು ಹೊರಬಿದ್ದೇಬಿಟ್ಟಿತು.

ಪ್ರಾರ್ಥನೆ ಮುಗಿದ ಮೇಲೆ ಬ್ರದರ್ ಅನ್ಸೆಲ್ಮ್ ನೇರ ನಮ್ಮ ಬಳಿ ಬಂದು ಹೊರಬಾಗಿಲಿನ ಕಡೆ ಕೈ ತೋರಿದರು. ಮಿಸ್ ಮುಖ ಬಿಳುಚಿಕೊಂಡಿತು. “ನಿನ್ನಿಂದ ಆಚೆ ಹಾಕ್ತಿದ್ದಾರೆ ನೋಡು. ಇನ್ನೂ ಒಂದು ಕಲ್ಲನ್ನೂ ನೆಟ್ಟಗೆ ನೋಡಿಲ್ಲ ನಾನು,” ಎಂದರು. ನನಗೆ ನಗು ಹಾರಿಹೋಯಿತು. ಇಷ್ಟು ದೂರ ಕರೆತಂದು, ಅವರ ಪಾಲಿನ ಒಂದೇ ಒಂದು ಅವಕಾಶವನ್ನು ನಾನೇ ಹಾಳು ಮಾಡಿದೆನಲ್ಲ ಎಂದು ಕಣ್ಣು ಒದ್ದೆಯಾಯಿತು. ತಲೆತಗ್ಗಿಸಿ ಬ್ರದರ್ ಹಿಂದೆ ನಡೆದೆವು. ಅವರು ಕರೆದೊಯ್ದದ್ದು ಊಟದ ಮನೆಗೆ.

ಅಲ್ಲೂ ಮೌನವೇ. ಮೂಲೆಯ ಮೇಜು ನಮಗೆ, ಉಳಿದ ಉದ್ದನೆಯ ಮೇಜುಗಳು ಅವರಿಗೆ. ಬ್ರೆಡ್ಡು, ಹುರುಳಿಕಾಯಿ ಸೂಪು. ನಾನು ಬಟ್ಟಲಿನಿಂದ ಕಣ್ಣೆತ್ತಬಾರದೆಂದು ಶಪಥ ಮಾಡಿದ್ದೆ. ಆದರೆ ಬೇರೆಯವರ ಅನ್ನ ಉಂಡು ಸುಮ್ಮನಿರುವುದು ಮಿಸ್ ಸ್ವಭಾವವಲ್ಲ. ಡಬ್ಬಿಯ ಮುಚ್ಚಳ ತೆಗೆದು ಎದ್ದು ನಿಂತರು. ಮೇಜಿನಿಂದ ಮೇಜಿಗೆ ಹೋಗಿ, ಪರೀಕ್ಷೆಯಲ್ಲಿ ಉತ್ತರಪತ್ರಿಕೆ ಹಂಚಿದ ಹಾಗೆ, ಪ್ರತಿಯೊಬ್ಬರ ಮುಂದೆಯೂ ಕೋಡುಬಳೆ ಇಟ್ಟುಕೊಂಡು ಬಂದರು. ಸನ್ಯಾಸಿಗಳು ಒಬ್ಬರ ಮುಖ ಒಬ್ಬರು ನೋಡಿದರು. ಮುಖ್ಯ ಮೇಜಿನಲ್ಲಿ ಕೂತಿದ್ದ ಮಠದ ಹಿರಿಯರು ಧೈರ್ಯ ಮಾಡಿ ಕಚ್ಚಿದರು. ಕರಂ! ಎಲ್ಲರೂ ಕಚ್ಚಿದರು. ಆ ಕಲ್ಲಿನ ಹಜಾರದಲ್ಲಿ, ಆ ಪವಿತ್ರ ಮೌನದಲ್ಲಿ, ಅಷ್ಟು ಜನ ಸನ್ಯಾಸಿಗಳು ಏಕಕಾಲಕ್ಕೆ ಮೈಸೂರಿನ ಗರಿಗರಿ ಕೋಡುಬಳೆ ಅಗಿದರೆ ಏನಾಗಬಹುದೋ ನೀವೇ ಯೋಚಿಸಿ. ಜಲ್ಲಿ ಲಾರಿ ಖಾಲಿ ಮಾಡಿದ ಹಾಗಾಯಿತು. ಗಾಬರಿಯಾಗಿ ಎಲ್ಲರೂ ಒಟ್ಟಿಗೆ ನಿಲ್ಲಿಸಿದರು. ಮತ್ತೆ ಮೆಲ್ಲಗೆ ಒಬ್ಬರು: ಕರಂ.

ನಾನು ಶಪಥ ನೆನೆದು ಕಣ್ಣು ತಗ್ಗಿಸಿದೆ. ಬಟ್ಟಲನ್ನೇ ನೋಡುತ್ತಿದ್ದೆ. ಆದರೆ ಗೊರಕೆಯ ಮುದುಕರು ನಮ್ಮೆದುರಿನ ಮೇಜಿನಲ್ಲೇ ಕೂತಿದ್ದರು, ಕಣ್ಣು ತಪ್ಪಿಸಲಾಗಲಿಲ್ಲ. ಅವರಿಗೆ ಅದು ತಿನ್ನುವ ವಸ್ತುವೆಂದು ಹೊಳೆದಿರಲಿಲ್ಲ. ಕೋಡುಬಳೆಯನ್ನು ಬೆರಳಿಗೆ ಉಂಗುರದಂತೆ ತೊಟ್ಟು, ಬೆಳಕಿಗೆ ಹಿಡಿದು ನೋಡಿ, ಮಿಸ್ ಕಡೆ ತಿರುಗಿ ತಲೆಬಾಗಿ ಕೃತಜ್ಞತೆ ಸೂಚಿಸಿದರು.

ನನ್ನ ಪಕ್ಕದಲ್ಲಿ ಒಂದು ವಿಚಿತ್ರ ಸದ್ದಾಯಿತು. ಕುಕ್ಕರಿನ ವಿಷಲ್ ಏಳುವ ಮೊದಲು ಬರುತ್ತದಲ್ಲ, ಅಂಥದ್ದು. ತಿರುಗಿದೆ. ಸರೋಜಾ ಮಿಸ್! ಮುಖ ಕೆಂಪಗೆ, ಮೂಗಿನ ಹೊಳ್ಳೆ ಅರಳಿ, ತುಟಿ ಒಳಗೆಳೆದುಕೊಂಡು ಒದ್ದಾಡುತ್ತಿದ್ದರು. ಮರುಕ್ಷಣ ಕಟ್ಟೆ ಒಡೆಯಿತು. ಮಿಸ್ ನಕ್ಕರು. ಹೊಟ್ಟೆ ಹಿಡಿದು, ಮೇಜು ಗುದ್ದಿ, ಕನ್ನಡಕ ಜಾರಿ ಸೂಪಿಗೆ ಬೀಳುವಷ್ಟು ನಕ್ಕರು. ನಾನು ಇನ್ನೇಕೆ ತಡೆಯಲಿ? ಬ್ರದರ್ ಅನ್ಸೆಲ್ಮ್ ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡರು. ಹಿರಿಯರ ಭುಜ, ಥೇಟ್ ನನ್ನ ನಿಕಾಹ್‌ನಲ್ಲಿ ಕುಲುಕಿದ ಹಾಗೆ ಕುಲುಕುತ್ತಿತ್ತು. ಕೊನೆಗೆ ಅವರು ಕಣ್ಣೊರೆಸಿಕೊಂಡು ಕೈಗಂಟೆ ಬಾರಿಸಿದರು. ಇಂದಿನ ಊಟಕ್ಕೆ ಮಾತಾಡಬಹುದು ಎಂದು ಅದರರ್ಥವಂತೆ. ಎಲ್ಲರ ಮೊದಲ ಪ್ರಶ್ನೆ ಒಂದೇ: ಇದನ್ನು ಯಾವುದರಿಂದ ಮಾಡುತ್ತಾರೆ?

ಊಟವಾದ ಮೇಲೆ ಬ್ರದರ್ ನಮ್ಮನ್ನು ಮತ್ತೆ ಚರ್ಚಿಗೆ ಕರೆದೊಯ್ದರು. ಮಿಸ್ ಉತ್ಸಾಹದಲ್ಲಿ ಪಶ್ಚಿಮದ ಗೋಡೆಯ ಕಂಬಕ್ಕೆ ಬೆರಳು ಬಡಿದರು. ಡಬ್. ಇನ್ನೊಮ್ಮೆ ಬಡಿದರು. ಡಬ್ ಡಬ್. ಅವರ ಮುಖದ ನಗು ಇಳಿದುಹೋಯಿತು. “ಇದೂ ಹಾಗೇನೇನೇ ನಸೀಮಾ?” ಎಂದರು. ಈ ಸಲ ನಿಜವಾಗಿಯೂ ಪಿಸುಮಾತು. ಆ ದನಿ ಕೇಳಿ ನನಗೆ ಅಳು ಬರುವಂತಾಯಿತು.

ನಾನು ಅನುವಾದ ಮಾಡಿ ಕೇಳಿದೆ. ಬ್ರದರ್ ದನಿ ತಗ್ಗಿಸಿ, ತಪ್ಪೊಪ್ಪಿಕೊಳ್ಳುವವರ ಹಾಗೆ ಹೇಳಿದರು: “ಅದು ಪ್ಲಾಸ್ಟರು, ನಮ್ಮದೇ ಕೆಲಸ. ಪೆಟ್ಟಿಗೆಗಳು ನೆಂದು ಗುರುತುಗಳೆಲ್ಲ ಅಳಿಸಿಹೋಗಿದ್ದವು. ಅರ್ಧ ಕಲ್ಲುಗಳು ಎಲ್ಲಿಯವೆಂದು ತಿಳಿಯಲಿಲ್ಲ. ಇಷ್ಟು ವರ್ಷದಲ್ಲಿ ಒಬ್ಬ ಅತಿಥಿಯೂ ಕಂಡುಹಿಡಿದಿರಲಿಲ್ಲ. ಇತ್ತ ಬನ್ನಿ.” ಪೂರ್ವದ ತುದಿಯಲ್ಲಿ ಒಂದು ಕಂಬದ ಎದುರು ನಿಲ್ಲಿಸಿದರು. ಕಲ್ಲಿನ ಮೇಲೆ ಉಳಿಯಿಂದ ಕೊರೆದ ಒಂದು ಪುಟ್ಟ ಗುರುತಿತ್ತು. ಕಡೆದ ಕಲ್ಕುಟಿಗನ ಗುರುತು ಎಂದರು ಬ್ರದರ್. ಮಿಸ್ ಈ ಸಲ ಬಡಿಯಲಿಲ್ಲ. ಅಂಗೈಯನ್ನು ಕಲ್ಲಿನ ಮೇಲಿಟ್ಟರು, ಹಾಗೇ ನಿಂತರು. ಕಂಬದಿಂದ ಮೇಲೆ ಕಮಾನಿನ ತುದಿಯವರೆಗೆ ಅವರ ಕಣ್ಣು ಏರಿತು. “ನಾನು ಬೋರ್ಡ್ ಮೇಲೆ ತುದಿ ಸ್ವಲ್ಪ ಜಾಸ್ತಿ ಚೂಪು ಮಾಡ್ತಿದ್ದೆ ಕಣೇ,” ಎಂದರು. ಎಂದೂ ಸುಮ್ಮನಿರದ ನಾನೂ ಅಲ್ಲಿ ಸುಮ್ಮನೆ ನಿಂತೆ. ನಗು ಬರಲಿಲ್ಲ ಎಂಬುದು ಗಮನಕ್ಕೂ ಬರಲಿಲ್ಲ.

ಬರ್ಬ್ಯಾಂಕಿಗೆ ಮರಳಿದಾಗ ವೀಣಾ ಬಾಗಿಲಲ್ಲೇ ಕಾಯುತ್ತಿದ್ದಳು. ಮಿಸ್ ಸೋಫಾದಲ್ಲಿ ನೆಟ್ಟಗೆ ಕೂತು ವರದಿ ಒಪ್ಪಿಸಿದರು. ಕಮಾನು, ಚಾವಣಿ, ಕಲ್ಕುಟಿಗನ ಗುರುತು ಎಲ್ಲ ಹೇಳಿ, “ಈ ನಸೀಮಾ ಇದ್ದಾಳಲ್ಲ, ಇಷ್ಟು ವಯಸ್ಸಾದ್ರೂ ಬುದ್ಧಿ ಬಂದಿಲ್ಲ. ಪ್ರಾರ್ಥನೆ ಹೊತ್ತಲ್ಲಿ ನಕ್ಕಳು. ಊಟದ ಹೊತ್ತಲ್ಲಿ ಇನ್ನೂ ಜೋರಾಗಿ ನಕ್ಕಳು. ಆ ಸನ್ಯಾಸಿಗಳೂ ಮರ್ಯಾದೆ ಬಿಟ್ಟು ನಕ್ಕುಬಿಟ್ರು!” ಎಂದರು.

ವೀಣಾ ನನ್ನ ಕಡೆ ತಿರುಗಿದಳು. “ಅಮ್ಮ? ಅಮ್ಮನೂ ನಕ್ಕರಾ ನಸೀಮಕ್ಕ?”

ಮಿಸ್ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. ಕನ್ನಡಕದ ಒಂದು ಗಾಜಿನ ಅಂಚಿನಲ್ಲಿ ಇನ್ನೂ ಸೂಪಿನ ಒಣಗಿದ ಕಲೆಯಿತ್ತು. ಹೊಟ್ಟೆಯಲ್ಲಿ ಸೋಡಾ ಭುಗ್ಗೆಂದಿತು. ಆದರೂ ನಾನು, ಜೀವನದಲ್ಲಿ ಮೊತ್ತಮೊದಲ ಬಾರಿಗೆ, ಮುಖವನ್ನು ಕಲ್ಲು ಮಾಡಿಕೊಂಡು ಹೇಳಿದೆ: “ಛೇ ಛೇ, ಮಿಸ್ ಯಾಕೆ ನಗ್ತಾರೆ? ನಾನೊಬ್ಬಳೇ.”

“ಕೂತ್ಕೋ, ಕಾಫಿ ಕುಡಿದು ಹೋಗು,” ಎಂದರು ಮಿಸ್. ಹೈಸ್ಕೂಲಿನಲ್ಲಿ ಪೂರ್ತಿ ಮಾರ್ಕು ತೆಗೆದವರಿಗೂ ಅವರು ಅಷ್ಟು ಮೆತ್ತಗೆ ಮಾತಾಡಿದ್ದಿಲ್ಲ. ಲೋಟ ಕೆಳಗಿಡುವವರೆಗೂ, ಕೈಬೀಸಿ ಕಾರು ಹತ್ತುವವರೆಗೂ ತಡೆದುಕೊಂಡೆ. ಫ್ರೀವೇಯಲ್ಲಿ ಟ್ರಾಫಿಕ್ಕು ಗಟ್ಟಿಯಾಗಿ ನಿಂತಿತ್ತು. ಅಲ್ಲಿ, ಒಬ್ಬಳೇ, ಸ್ಟೀರಿಂಗಿಗೆ ಹಣೆಯಿಟ್ಟು, ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಪಕ್ಕದ ಕಾರಿನಾತ ನನ್ನ ಕುಲುಕುವ ಭುಜಗಳನ್ನು ನೋಡಿ ಕಿಟಕಿ ಇಳಿಸಿದ. ಒಂದು ಟಿಶ್ಯೂ ಚಾಚಿ, ಅತ್ಯಂತ ಕನಿಕರದಿಂದ, “ಯಾರು ಹೋಗಿಬಿಟ್ಟರು ಮ್ಯಾಡಂ?” ಎಂದು ಕೇಳಿದ.